ಟಿಂಕರ್ ಶೆಡ್: ತೇಪೆ ಹಾಕಿಸುವ ಮೊದಲು ಗಾಡಿಯ ಅಡಿಗೆ ಹೋಗಿ ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ತುಕ್ಕಿನದ್ದೇ. ಮಳೆ ನಿಂತ ಮೇಲೆ ಮ್ಯಾಟ್ ಒಣಗಿಸೋಣ ಅಂತ ಎತ್ತಿದವರಿಗೆ ಕೆಳಗೆ ರಸ್ತೆ ಕಂಡಿದೆ! ಗಂಗೊಳ್ಳಿಯವರ ಪತ್ರಕ್ಕೆ ಸ್ವಲ್ಪ ಉದ್ದಕ್ಕೆ ಬರೆದಿದ್ದೇನೆ. ತಗಡಿನ ಕೆಲಸ ಯಾವ ಗಾಡಿಗಾದರೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಉಳಿದವರೂ ಅದನ್ನು ಓದಿಕೊಳ್ಳಿ.

ನಮ್ಮದು 2008ರ ಮಾರುತಿ ಓಮ್ನಿ. ದಿನಾ ಬೆಳಿಗ್ಗೆ ಬಂದರಿನಿಂದ ಮೀನು ತರುತ್ತೇವೆ. ಹಿಂದಿನ ಫ್ಲೋರ್‌ನಲ್ಲಿ ಅಂಗೈಯಗಲ ತೂತು ಬಿದ್ದಿದೆ. ಜಾರುವ ಬಾಗಿಲಿನ ಕೆಳಗೂ ತಗಡು ಪುಡಿಯಾಗುತ್ತಿದೆ. ಹೋದ ವರ್ಷ ಒಂದು ಕಡೆ ತೇಪೆ ಹಾಕಿಸಿದ್ದೆವು, ಅದರ ಸುತ್ತಲೇ ಮತ್ತೆ ತೂತು. ಯಾಕೆ ಹೀಗೆ? ಮೇಲೆ ಚೆಕ್ಕರ್ ಪ್ಲೇಟ್ (ಕಾಲು ಜಾರದ ಹಾಗೆ ಉಬ್ಬು ಗುರುತುಗಳಿರುವ ಲೋಹದ ಹಾಳೆ) ಹಾಕಿಬಿಡಿ ಅಂತ ಒಬ್ಬರು ಹೇಳುತ್ತಾರೆ. ಹಾಕಿಸಲಾ?
– ಹೆಸರು ಬೇಡ, ಗಂಗೊಳ್ಳಿ

ಚೆಕ್ಕರ್ ಪ್ಲೇಟ್ ಬೇಡ. ಕಾಲಿಗೆ ಗಟ್ಟಿ ಅನಿಸುತ್ತದೆ, ನೋಡಲೂ ಚಂದ. ಆದರೆ ಅದರ ಅಡಿಗೆ ಇಳಿದ ನೀರು ಹೊರಗೆ ಬರುವುದಿಲ್ಲ. ನಿಮ್ಮ ಗಾಡಿಯಲ್ಲಿ ಬೀಳುವುದು ಬರೀ ನೀರೂ ಅಲ್ಲ, ಬಂಗುಡೆ, ಬೂತಾಯಿ ಪೆಟ್ಟಿಗೆಯಿಂದ ಇಳಿಯುವ ಉಪ್ಪು ನೀರು. ಉಪ್ಪು ಇದ್ದರೆ ಕಬ್ಬಿಣ ಬೇಗ ಹೋಗುತ್ತದೆ. ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ತಗಡು ಒಣಗಿದ ಹಾಗೆ ಕಂಡರೂ ಒಣಗಿರುವುದಿಲ್ಲ. ಪ್ಲೇಟ್ ಅಲ್ಯೂಮಿನಿಯಂನದ್ದಾದರೆ ಇನ್ನೊಂದು ರಗಳೆ. ಕಬ್ಬಿಣಕ್ಕೆ ತಾಗಿದ ಕಡೆ ಉಪ್ಪು ನೀರು ಸೇರಿತೋ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಇನ್ನು ಹಳೇ ತೇಪೆಯ ವಿಷಯ. ನೋಡದೆಯೂ ಇಷ್ಟು ಹೇಳಬಹುದು: ತೂತು ಎಷ್ಟಿತ್ತೋ ಅಷ್ಟಕ್ಕೇ ಕತ್ತರಿಸಿದ್ದಾರೆ, ಸುತ್ತ ತೆಳ್ಳಗಾಗಿದ್ದ ತಗಡಿಗೇ ವೆಲ್ಡಿಂಗ್ ಹಿಡಿಸಿದ್ದಾರೆ. ಮೇಲಿನಿಂದ ಪುಟ್ಟಿ ಹಚ್ಚಿ ಪೇಂಟ್ ಹೊಡೆದಿದ್ದಾರೆ. ಅಡಿಯಲ್ಲಿ ವೆಲ್ಡಿಂಗ್ ಬಿಸಿಗೆ ಸುಟ್ಟುಹೋದ ಪೇಂಟಿನ ಜಾಗ ಹಾಗೆಯೇ ಬೆತ್ತಲೆ ಉಳಿದಿದೆ. ತೇಪೆ ಹಾಳಾಗುವುದು ಜಾಸ್ತಿ ಹಿಂಬದಿಯಿಂದಲೇ. ಮೇಲೆ ಎಷ್ಟು ನುಣ್ಣಗೆ ಉಜ್ಜಿದ್ದಾರೆ ಅಂತ ಗಿರಾಕಿಗಳು ಕೈಯಾಡಿಸಿ ನೋಡುತ್ತಾರೆ. ಗಾಡಿಯ ಅಡಿಗೆ ಬಗ್ಗಿ ನೋಡುವವರು ನನ್ನ ಶೆಡ್ಡಿಗೆ ಬರುವವರಲ್ಲೂ ಕಡಿಮೆಯೇ.

ಹಾಗಾದರೆ ಸರಿಯಾಗಿ ಹೇಗೆ? ಮೊದಲು ಎಲ್ಲಿಯವರೆಗೆ ಕೆಟ್ಟಿದೆ ಅಂತ ಗೊತ್ತಾಗಬೇಕು. ಸ್ಕ್ರೂಡ್ರೈವರ್ ಹಿಡಿಯಿಂದ ತೂತಿನ ಸುತ್ತ ತಟ್ಟುತ್ತಾ ಹೋಗಿ. ಕೆಟ್ಟ ತಗಡು ದಬ್ ದಬ್ ಅನ್ನುತ್ತದೆ, ಒಳ್ಳೆಯದು ಟಣ್ ಅನ್ನುತ್ತದೆ. ಅನುಮಾನ ಇದ್ದ ಕಡೆ ತುದಿಯಿಂದ ಚುಚ್ಚಿ. ಚುಚ್ಚಿ ತೂತಾಯಿತು ಅಂತ ಬೇಜಾರು ಬೇಡ, ಅದು ಹೇಗೂ ಹೋಗುವುದೇ. ಗ್ರೈಂಡರ್ ಹಿಡಿದಾಗ ಬೆಳ್ಳಗೆ ಹೊಳೆಯುವ ಲೋಹ ಬರುವವರೆಗೆ ಕತ್ತರಿಸಬೇಕು. ಅಂಗೈಯಗಲದ ತೂತು ಒಂದೂವರೆ ಮೊಳ ಆಗಬಹುದು. ಆಗಲಿ. ಕತ್ತರಿಸುವಾಗ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಮಾಡಿಸಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು.

ಅಳತೆಗೆ ನಾನು ಬಳಸುವುದು ಹಳೇ ಮದುವೆ ಕಾಗದ. ಈಗಿನ ಮದುವೆ ಕಾಗದಗಳು ಒಳ್ಳೇ ದಪ್ಪ ಇರುತ್ತವೆ. ಸುಮ್ನೆ ಬಿಸಾಡುವ ಬದಲು ಶೆಡ್ಡಿಗೆ ತಂದುಕೊಡಿ ಅಂತ ಊರಲ್ಲಿ ಹೇಳಿಟ್ಟಿದ್ದೇನೆ. ಕಾಗದವನ್ನು ಜಾಗದ ಮೇಲಿಟ್ಟು ಅಂಚಿನುದ್ದಕ್ಕೂ ಬೆರಳಿನಿಂದ ಒತ್ತಿದರೆ ಗೆರೆ ಮೂಡುತ್ತದೆ. ಕತ್ತರಿಸಿ, ಬಗ್ಗಿಸಿ, ಕೂರಿಸಿ ನೋಡಿ. ಕಾಗದ ಸರಿಯಾಗಿ ಕೂತ ಮೇಲೆ ಅದೇ ಆಕಾರವನ್ನು ಸಿ.ಆರ್. ಶೀಟಿನ, ಅಂದರೆ ಸತುವಿನ ಲೇಪನ ಇಲ್ಲದ ನುಣುಪು ಉಕ್ಕಿನ ತಗಡಿನ, ಮೇಲೆ ಗೀಚಿಕೊಳ್ಳುವುದು. ಫ್ಲೋರಿಗೆ 20 ಗೇಜ್, ಅಂದರೆ ಸುಮಾರು 0.9 ಮಿ.ಮೀ. ಹೊರಗಿನ ಬಾಡಿ ತಗಡಿಗೆ 22 ಗೇಜ್, ಸುಮಾರು 0.7 ಮಿ.ಮೀ. ಗಟ್ಟಿ ಇರಲಿ ಅಂತ 16 ಗೇಜ್ ತಂದುಕೊಡುವವರಿದ್ದಾರೆ. ದಪ್ಪ ತಗಡು ಕರಗುವ ಹೊತ್ತಿಗೆ ಪಕ್ಕದ ತೆಳು ತಗಡು ಸುಟ್ಟು ತೂತಾಗಿರುತ್ತದೆ. ಬೇಡ.

ಫ್ಲೋರಿನಲ್ಲಿ ಉದ್ದಕ್ಕೆ ಉಬ್ಬು ಗೆರೆಗಳಿರುವುದನ್ನು ನೋಡಿದ್ದೀರಿ ಅಲ್ವಾ? ಅವು ಚಂದಕ್ಕೆ ಇರುವುದಲ್ಲ, ತಗಡಿಗೆ ಬಿಗಿ ಬರಲಿ ಅಂತ ಒತ್ತಿರುವುದು. ಮಟ್ಟಸ ತಗಡು ಹಾಕಿದರೆ ಗಾಡಿ ಓಡುವಾಗ ಡಬಡಬ ಬಡಿಯುತ್ತದೆ, ಪೆಟ್ಟಿಗೆ ಇಟ್ಟಲ್ಲಿ ತಗ್ಗಾಗಿ ನೀರು ನಿಲ್ಲುತ್ತದೆ. ಗೆರೆ ಮೂಡಿಸಲು ಮೆಷಿನ್ ಏನೂ ಬೇಕಿಲ್ಲ. ಗಟ್ಟಿ ಮರದ ತುಂಡಿನಲ್ಲಿ ಉದ್ದಕ್ಕೆ ಸಣ್ಣ ಕಾಲುವೆಯ ಹಾಗೆ ತೋಡಿ, ಅದರ ಮೇಲೆ ತಗಡು, ತಗಡಿನ ಮೇಲೆ 10 ಮಿ.ಮೀ. ಕಬ್ಬಿಣದ ಸರಳು. ಸರಳಿನ ಮೇಲೆ ಸುತ್ತಿಗೆಯಲ್ಲಿ ಸಣ್ಣಗೆ, ಆ ತುದಿಯಿಂದ ಈ ತುದಿಗೆ ಮತ್ತೆ ಮತ್ತೆ ಬಡಿಯುತ್ತಾ ಬಂದರೆ ಗೆರೆ ಇಳಿಯುತ್ತದೆ. ಒಂದೇ ಕಡೆ ಜೋರಾಗಿ ಹೊಡೆದರೆ ತಗಡು ತಿರುಚಿಕೊಳ್ಳುತ್ತದೆ, ಅಷ್ಟು ಜಾಗ್ರತೆ.

ವೆಲ್ಡಿಂಗ್ ಸಿಓಟುನಲ್ಲೇ ಮಾಡಿಸಿ, ಅಂದರೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ತೆಳು ತಂತಿಯಿಂದ ಮಾಡುವ ವೆಲ್ಡಿಂಗ್. ಗೇಟು ಮಾಡುವವರ ಕಡ್ಡಿ ವೆಲ್ಡಿಂಗ್ ಇಷ್ಟು ತೆಳು ತಗಡಿಗೆ ಆಗುವುದಿಲ್ಲ. ಹೊಸ ತಗಡು ಹಳೆಯದರ ಮೇಲೆ ಅರ್ಧ ಇಂಚಿನಷ್ಟು ಬರಲಿ. ಮೇಲಿನ ತಗಡಿನಲ್ಲಿ ಒಂದೊಂದೂವರೆ ಇಂಚಿಗೆ 6 ಮಿ.ಮೀ. ತೂತು ಕೊರೆದು ಆ ತೂತುಗಳನ್ನು ವೆಲ್ಡಿಂಗಿನಿಂದ ತುಂಬಿಸುವುದು. ಒಂದರ ಪಕ್ಕ ಒಂದು ತುಂಬಬಾರದು. ಒಂದು ಇಲ್ಲಿ, ಇನ್ನೊಂದು ಎದುರು ಮೂಲೆಯಲ್ಲಿ, ನಡುವೆ ಆರಲು ಬಿಡಬೇಕು. ಇಲ್ಲದಿದ್ದರೆ ಬಿಸಿಗೆ ತಗಡು ಅಲೆ ಅಲೆಯಾಗುತ್ತದೆ. ಯಾವುದರ ಮೇಲೆ ಯಾವುದು ಬರಬೇಕು ಅನ್ನುವುದು ಮನೆಯ ಹಂಚಿನ ಲೆಕ್ಕ: ನೀರು ಎತ್ತರದ ಕಡೆಯಿಂದ ಹರಿದು ಹೋಗುವಾಗ ಸಂದಿಗೆ ನುಗ್ಗಬಾರದು. ಎರಡು ತಗಡು ಸೇರುವ ಮುಖಗಳಿಗೆ ವೆಲ್ಡಿಂಗ್‌ಗೆ ಮೊದಲೇ ಜಿಂಕ್ ಪ್ರೈಮರ್ ಹಚ್ಚಿರಬೇಕು. ಆಮೇಲೆ ಅಲ್ಲಿಗೆ ಬ್ರಷ್ ಹೋಗುವುದಿಲ್ಲ.

ವೆಲ್ಡಿಂಗ್ ಮುಗಿದ ದಿನವೇ ಮೇಲೆ, ಕೆಳಗೆ ಎರಡೂ ಕಡೆ ಉಜ್ಜಿ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ನಾಳೆ ಅಂದರೆ ನಮ್ಮ ಕರಾವಳಿಯಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಸಿ.ಆರ್. ಶೀಟ್ ಕೆಂಪಾಗಿರುತ್ತದೆ. ಮರವಂತೆಯಲ್ಲಿ ಮಳೆಗಾಲದ ಅಲೆಯ ತುಂತುರು ಹೆದ್ದಾರಿಗೇ ಹಾರುತ್ತದೆ, ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ನಾನು ಈ ಕೆಲಸವನ್ನು ದೀಪಾವಳಿಯಿಂದ ಶಿವರಾತ್ರಿಯ ನಡುವೆ ಇಟ್ಟುಕೊಳ್ಳುವುದು. ಪ್ರೈಮರ್ ಒಣಗಿದ ಮೇಲೆ ಸಂದಿಗಳಿಗೆ ಸೀಮ್ ಸೀಲರ್, ಆಮೇಲೆ ಪೇಂಟ್, ಕಡೆಗೆ ಅಡಿಗೆ ಅಂಡರ್‌ಕೋಟಿಂಗ್. ತುಕ್ಕಿನ ಮೇಲೆಯೇ ಅಂಡರ್‌ಕೋಟಿಂಗ್ ಹೊಡೆಸುವುದು ದುಡ್ಡು ಕೊಟ್ಟು ತೇವವನ್ನು ಒಳಗಿಟ್ಟು ಮುಚ್ಚಿದ ಹಾಗೆ.

ಗ್ರೈಂಡರ್ ಹಚ್ಚುವ ಮೊದಲೇ ಒಂದು ಕೆಲಸ ಇದೆ. ಓಮ್ನಿಯ ಪೆಟ್ರೋಲ್ ಟ್ಯಾಂಕ್ ಫ್ಲೋರಿನ ಅಡಿಯಲ್ಲೇ ಇದೆ. ಅದನ್ನು ಬಿಚ್ಚಿ ದೂರ ಇಡಿಸಿ. ಖಾಲಿ ಮಾಡಿದ್ದೇವೆ ಅಂದರೆ ಒಪ್ಪಬೇಡಿ, ಖಾಲಿ ಟ್ಯಾಂಕಿನ ಆವಿಗೆ ಕಿಡಿ ಸಾಕು. ಬ್ಯಾಟರಿ ವೈರ್ ಕಳಚಿರಬೇಕು. ಗ್ಯಾಸ್ ಕಿಟ್ ಇದ್ದರೆ ಅದೂ ಹೊರಗೆ. ಕೆಲಸದ ಪಕ್ಕ ಒದ್ದೆ ಗೋಣಿ, ಬಕೆಟ್ ನೀರು, ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಕೆಲಸವೆಲ್ಲ ಆದ ಮೇಲೆ ಪೆಟ್ಟಿಗೆಗಳ ಅಡಿಗೆ ಅಂಚು ಎತ್ತರ ಇರುವ ಫೈಬರ್ ಟ್ರೇ ಮಾಡಿಸಿ, ಅದರ ನೀರು ಪೈಪಿನಲ್ಲಿ ಹೊರಗೆ ಹೋಗಲಿ. ಮನೆಗೆ ಬಂದ ಕೂಡಲೇ ಸಿಹಿ ನೀರಿನಲ್ಲಿ ತೊಳೆಯಿರಿ. ಜಾರುವ ಬಾಗಿಲಿನ ಕೆಳಗಿನ ಹಳಿಯ ಸಂದಿಗೂ ಪೈಪ್ ಹಿಡಿಯಿರಿ, ಮೀನಿನ ಹುರುಪೆ ಸೇರಿ ಗಟ್ಟಿಯಾಗುವ ಜಾಗ ಅದು.

ತಂದೆಯವರ 1986ರ ಪ್ರೀಮಿಯರ್ ಪದ್ಮಿನಿ ಕಾರ್ಕಳದ ಮನೆಯಲ್ಲಿದೆ. ನಾನು ಶಾರ್ಜಾದಲ್ಲಿದ್ದೇನೆ. ಬಾಗಿಲಿನ ಕೆಳಗಿನ ಉದ್ದ ಪೆಟ್ಟಿಗೆ ಭಾಗ ಎರಡೂ ಕಡೆ ತಿಂದುಹೋಗಿದೆ. ಗ್ಯಾರೇಜಿನವರು ಪೂರ್ತಿ ಕತ್ತರಿಸಿ ಹೊಸದಾಗಿ ಮಾಡಿ ಕೊಡುತ್ತೇವೆ ಅನ್ನುತ್ತಾರೆ. ಒಪ್ಪಬಹುದಾ ಸರ್?
– ಒಬ್ಬ ಓದುಗ, ಶಾರ್ಜಾ

ಒಪ್ಪಬಹುದು, ಆದರೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿ: ಕತ್ತರಿಸುವ ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಆಧಾರ ಕೊಡುತ್ತೀರಾ? ಹೌದು ಅಂದರೆ ಮುಂದೆ ಮಾತಾಡಿ. ‘ಅದೆಲ್ಲ ಯಾಕೆ?’ ಅಂತ ಕೇಳಿದರೆ ಬೇರೆ ಗ್ಯಾರೇಜ್ ನೋಡಿ.

ಜೀಪಿಗೆ, ಜಿಪ್ಸಿಗೆ ಅಡಿಯಲ್ಲಿ ಬೇರೆ ಚಾಸಿಸ್ ಇದೆ. ಮೇಲಿನ ಬಾಡಿ ಕೊಯ್ದರೂ ಗಾಡಿ ಸೊಟ್ಟಗಾಗುವುದಿಲ್ಲ. ಪದ್ಮಿನಿಗೆ ಹಾಗಲ್ಲ, ಬಾಡಿಯೇ ಚಾಸಿಸ್. ನೀವು ಹೇಳುವ ಆ ಪೆಟ್ಟಿಗೆ ಭಾಗವೇ ಮುಂದನ್ನೂ ಹಿಂದನ್ನೂ ಹಿಡಿದಿರುವುದು. ಅದನ್ನು ಸುಮ್ನೆ ಕೊಯ್ದರೆ ನಡು ಇಳಿಯುತ್ತದೆ. ಹಾಗೆಯೇ ವೆಲ್ಡಿಂಗ್ ಮಾಡಿಬಿಟ್ಟರೆ ಆ ಬಾಗಿಲು ಆಮೇಲೆ ಯಾವತ್ತೂ ಸರಿಯಾಗಿ ಹಾಕಿಕೊಳ್ಳುವುದಿಲ್ಲ. ಅದಕ್ಕೆ ಕಾರನ್ನು ಮಟ್ಟದ ನೆಲದಲ್ಲಿ ನಿಲ್ಲಿಸಿ, ಬಾಗಿಲು ಸುತ್ತಲಿನ ಸಂದಿ ಅಳೆದು ಬರೆದಿಟ್ಟುಕೊಂಡು, ಬಾಗಿಲಿನ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಚೌಕ ಪೈಪ್ ಬೆಸೆಯಬೇಕು. ಒಂದು ಪಕ್ಕ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಪಕ್ಕಕ್ಕೆ ಕೈ ಹಾಕುವುದು. ನಡುನಡುವೆ ಬಾಗಿಲು ಹಾಕಿ ನೋಡುತ್ತಿರಬೇಕು.

ಹೊರಗಿನ ತಗಡಿನ ಹಿಂದೆ ಒಳಗೋಡೆ ಒಂದಿರುತ್ತದೆ. ಬಲ ಇರುವುದು ಅಲ್ಲಿ. ಹೊರಗಿನದನ್ನು ಮಾತ್ರ ಹೊಸತು ಮಾಡಿ ಒಳಗಿನ ಪುಡಿಯನ್ನು ಮುಚ್ಚಿಬಿಟ್ಟರೆ ನಿಮಗೆ ಶಾರ್ಜಾದಿಂದ ಗೊತ್ತೇ ಆಗುವುದಿಲ್ಲ. ಹೊರ ತಗಡು ಕೂರಿಸುವ ಮೊದಲು ಒಳಗಿನ ಫೋಟೋ, ವಿಡಿಯೋ ಕಳಿಸಬೇಕು ಅಂತ ಮೊದಲೇ ಮಾತಾಡಿಕೊಳ್ಳಿ, ದುಡ್ಡಿನ ಒಂದು ಪಾಲನ್ನು ಅಲ್ಲಿಯವರೆಗೆ ತಡೆಹಿಡಿಯಿರಿ. ಒಳಗೋಡೆಗೆ 18 ಗೇಜ್ ಆದೀತು. ಇಲ್ಲಿ ಹಿತ್ತಾಳೆ ಕಡ್ಡಿಯ ಗ್ಯಾಸ್ ವೆಲ್ಡಿಂಗ್ ಬೇಡ. ಭಾರ ಹೊರುವ ಜಾಗಕ್ಕೆ ಅದು ಸಾಲದು, ಬೆಸೆಯುವಾಗ ಬಳಸುವ ಫ್ಲಕ್ಸ್ ಪುಡಿ ತೊಳೆಯದೆ ಉಳಿದರೆ ಅಲ್ಲಿಂದಲೇ ಮತ್ತೆ ತುಕ್ಕು. ಕೆಳಗೆ ನೀರು ಹೋಗುವ ಸಣ್ಣ ತೂತುಗಳಿದ್ದವಲ್ಲ, ಅವನ್ನು ಹೊಸ ತಗಡಿನಲ್ಲೂ ಬಿಡಬೇಕು. ಎಷ್ಟೋ ಜನ ನೀಟಾಗಿ ಮುಚ್ಚಿಬಿಡುತ್ತಾರೆ. ಕೊನೆಗೆ ಆ ತೂತುಗಳಿಂದಲೇ ಒಳಗೆ ವ್ಯಾಕ್ಸ್ ಸಿಂಪಡಿಸುವುದು.

ತಯಾರಾದ ಪ್ಯಾನೆಲ್ಲೇ ಬೇಕು ಅಂದರೆ ಮುಂಬೈ ಕುರ್ಲಾದ ಗುಜರಿಯಲ್ಲಿ ಹುಡುಕಿಸಿ. ಕಾರು ತಯಾರಾದದ್ದೂ ಕುರ್ಲಾದಲ್ಲೇ, ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿದ್ದು ಆ ಊರಿನಲ್ಲೇ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದಲ್ಲೂ ಕೇಳಬಹುದು. ಆದರೆ ಗುಜರಿ ಪ್ಯಾನೆಲ್ ಒಳಗೂ ತುಕ್ಕು ಇರುತ್ತದೆ. ನನ್ನನ್ನು ಕೇಳಿದರೆ, ಒಳ್ಳೇ ಬೆಂಡಿಂಗ್ ಮೆಷಿನ್ ಇರುವ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಹೊಸ ತಗಡು ಬಗ್ಗಿಸಿ ತರುವುದೇ ವಾಸಿ.

ಮನೆ ಮಾಡಿಗೆ ತಂದ ಜಿ.ಐ. ಶೀಟ್ ಉಳಿದಿದೆ. ಅದಕ್ಕೆ ತುಕ್ಕೇ ಹಿಡಿಯುವುದಿಲ್ಲವಲ್ಲ, ಜೀಪಿನ ಫ್ಲೋರಿಗೆ ಹಾಕಿಸಬಹುದಾ?
– ಒಬ್ಬ ಕೃಷಿಕ, ತೀರ್ಥಹಳ್ಳಿ

ಜಿ.ಐ.ಗೆ ತುಕ್ಕು ಹಿಡಿಯದ ಹಾಗೆ ಕಾಯುವುದು ಮೇಲಿನ ಸತುವಿನ ಪದರ. ವೆಲ್ಡಿಂಗ್ ಮಾಡಿದಲ್ಲಿ ಆ ಪದರ ಸುಟ್ಟು ಬಿಳಿ ಹೊಗೆಯಾಗಿ ಹೋಗುತ್ತದೆ. ನಿಮಗೆ ಅದು ಬೇಕಾಗಿದ್ದದ್ದೇ ಆ ಸಂದಿಯಲ್ಲಿ! ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿ ಜ್ವರ ಬರುತ್ತದೆ. ವೆಲ್ಡಿಂಗೂ ತೂತು ತೂತಾಗುತ್ತದೆ. ಅಂಚಿನ ಸತುವನ್ನು ಉಜ್ಜಿ ತೆಗೆದು, ಬಯಲಲ್ಲಿ ಮಾಡಿಸಬಹುದು, ಆಗದು ಅಂತಲ್ಲ. ಆದರೆ ಮಾಡಿನ ಶೀಟು ಅಡಿಕೆ ಮೂಟೆ ಹೊರುವ ಜೀಪಿಗೆ ಸಾಮಾನ್ಯವಾಗಿ ತೆಳ್ಳಗಾಯಿತು. ಅದನ್ನು ಕೊಟ್ಟಿಗೆಗೆ ಬಳಸಿ, ಜೀಪಿಗೆ ಸಿ.ಆರ್. ತನ್ನಿ.

ದೋಣಿಗೆ ಹಚ್ಚುವ ಗೇರು ಎಣ್ಣೆಯನ್ನು ಕಾರಿನ ಅಡಿಗೆ ಹಚ್ಚಬಹುದೇ? ಹಳೇ ಎಂಜಿನ್ ಆಯಿಲ್ ಹೊಡೆಸಿ ಅಂತಲೂ ಹೇಳುತ್ತಾರೆ.
– ಒಬ್ಬ ಓದುಗರು, ಕುಮಟಾ

ಗೇರು ಎಣ್ಣೆ ಮರದ ದೋಣಿಗೆ ಸರಿ. ಕಾರಿನ ಅಡಿಗೆ ಹಚ್ಚಿದರೆ ಆಮೇಲೆ ಅಲ್ಲಿ ಮಲಗಿ ಕೆಲಸ ಮಾಡುವ ಮೆಕ್ಯಾನಿಕ್ ಚರ್ಮ ಸುಟ್ಟುಕೊಂಡು ನಿಮಗೆ ಶಾಪ ಹಾಕುತ್ತಾನೆ. ಹಳೇ ಎಂಜಿನ್ ಆಯಿಲ್ ರಬ್ಬರ್ ಬುಷ್‌ಗಳನ್ನು ಊದಿಸಿ ಹಾಳು ಮಾಡುತ್ತದೆ, ಮೊದಲ ಮಳೆಗೆ ತೊಳೆದು ನಿಮ್ಮ ಬಾವಿಯ ಕಡೆಗೇ ಹೋಗುತ್ತದೆ. ಎರಡೂ ಬೇಡ.

ನನ್ನ ಮಾರುತಿ 800ರ ಆರ್.ಸಿ. ಮತ್ತೆ ರಿನ್ಯೂ ಮಾಡಿಸಬೇಕು. ಅಷ್ಟರೊಳಗೆ ಬ್ಯಾಟರಿ ಕೆಳಗಿನ ತಗಡು, ಎಂಜಿನ್ ಹಿಂದಿನ ಗೋಡೆ ಕೊಯ್ದು ಹೊಸದು ಹಾಕಿಸಲಾ?
– ಒಬ್ಬ ನಿವೃತ್ತ ಮೇಷ್ಟರು, ಹಾಸನ

ಬ್ಯಾಟರಿ ಕೆಳಗಿನದ್ದು ಧೈರ್ಯವಾಗಿ ಹಾಕಿಸಿ ಮೇಷ್ಟ್ರೇ. ಅದು ಆಸಿಡ್ ಬಿದ್ದು ಹೋದದ್ದು. ಹೊಸದು ಹಾಕುವ ಮೊದಲು ಅಡುಗೆ ಸೋಡಾ ನೀರಿನಲ್ಲಿ ತೊಳೆಯಲಿ, ನೊರೆ ನಿಲ್ಲುವವರೆಗೂ. ಹಿಂದಿನ ಗೋಡೆಯ ವಿಷಯದಲ್ಲಿ ಮಾತ್ರ ನಿಲ್ಲಿ. 800ರ ಚಾಸಿಸ್ ನಂಬರ್ ಕೊರೆದಿರುವುದು ಆ ತಗಡಿನ ಮೇಲೆಯೇ. ಅದನ್ನು ಕೊಯ್ದು ತೆಗೆದರೆ, ಅಥವಾ ಪುಟ್ಟಿಯಲ್ಲಿ ಮುಚ್ಚಿದರೆ, ಇನ್ಸ್‌ಪೆಕ್ಟರ್ ಮುಂದೆ ನಿಮ್ಮ ಕಾರು ಯಾರದ್ದೋ ಕಾರಾಗುತ್ತದೆ. ನಂಬರ್ ಇರುವ ತುಂಡನ್ನು ಮುಟ್ಟದೆ ಸುತ್ತಲಿನದನ್ನು ಮಾತ್ರ ಸರಿ ಮಾಡಲು ಹೇಳಿ. ಆ ಭಾಗಕ್ಕೇ ತುಕ್ಕು ಹತ್ತಿದ್ದರೆ ಗ್ರೈಂಡರ್ ಬೇಡ, ನೈಲಾನ್ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ತುಕ್ಕನ್ನು ಗಟ್ಟಿ ಪದರವಾಗಿಸುವ ರಸ್ಟ್ ಕನ್ವರ್ಟರ್ ಹಚ್ಚಿದರೆ ಸಾಕು. ಕೆಲಸ ಶುರುವಾಗುವ ಮೊದಲು ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಒಂದು ಅಚ್ಚು ತೆಗೆದಿಟ್ಟುಕೊಳ್ಳಿ, ಫೋಟೋ ಕೂಡ. ನಂಬರೇ ಅಳಿಸಿ ಹೋಗಿದ್ದರೆ ಟಿಂಕರ್ ಹತ್ತಿರ ಹೋಗಬೇಡಿ, ಮೊದಲು ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಡಿ.