ಕೊಯ್ಲಿಗೆ ಬಂದವರ ಹತ್ರ ಆಧಾರ್ ಇದೆ, ಅಷ್ಟು ಸಾಕಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಹಣ್ಣು ಕುಯ್ಯಲು ಮೇಸ್ತ್ರಿಯೊಬ್ಬರು ಅಸ್ಸಾಂನಿಂದ ಆಳು ಕರೆತಂದಿದ್ದಾರೆ. ಎಲ್ಲರ ಹತ್ರ ಆಧಾರ್ ಇದೆ. ಆದರೂ ಊರಲ್ಲಿ, ‘ಇವರು ಬಾಂಗ್ಲಾದವರು, ದೇಶಕ್ಕೇ ಅಪಾಯ, ನಮ್ಮವರ ಕೂಲಿಗೂ ಕಲ್ಲು’ ಅಂತ ಮಾತು. ನಾನೇನು ಮಾಡಲಿ?
– ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು

ಕಾರ್ಮಿಕ ಕಾನೂನು ತಜ್ಞರ ಉತ್ತರ: ಆಧಾರ್ ಒಂದೇ ಸಾಲದು. ಅದು ಪೌರತ್ವಕ್ಕೆ ಪುರಾವೆಯಲ್ಲ ಅಂತ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನಿನಲ್ಲೇ ಇದೆ. ಆದರೂ ಕಾರ್ಡ್ ಅಸಲಿಯೋ ನಕಲಿಯೋ ಅಂತ ನೀವೇ ನೋಡಬಹುದು. ಜೆರಾಕ್ಸ್ ಇಟ್ಟುಕೊಂಡು ಸುಮ್ನಾಗಬೇಡಿ. ಮೂಲ ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಹೆಸರು ಮತ್ತು ಫೋಟೊ ತಾಳೆ ನೋಡಿ. ವೋಟರ್ ಐಡಿ ಇದ್ದರೆ ಅದರ ನಂಬರನ್ನು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹಾಕಿ. ಯಾವ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿದೆ ಗೊತ್ತಾಗುತ್ತದೆ. ಆಳು ಹೇಳುವ ಊರೂ ಅದೇ ಕಡೆಯದಾ ವಿಚಾರಿಸಿ.

ಮಾತಿನ ಮೇಲೆ ಮಾತ್ರ ಯಾರನ್ನೂ ಬಾಂಗ್ಲಾದವರು ಅನ್ನಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಅಸ್ಸಾಂನ ಸಿಲ್ಚಾರ್ ಕಡೆ ಮನೆಮಾತೇ ಬಂಗಾಳಿ, ಅಲ್ಲಿ ಆಡಳಿತ ಭಾಷೆಯೂ ಅದೇ. ತ್ರಿಪುರಾದಲ್ಲೂ ಬಂಗಾಳಿ ಮಾತಾಡುವವರೇ ಜಾಸ್ತಿ. ಅಸ್ಸಾಂ ಟೀ ತೋಟಗಳ ಆದಿವಾಸಿಗಳೋ, ಬ್ರಿಟಿಷರ ಕಾಲದಲ್ಲಿ ಜಾರ್ಖಂಡ್ ಕಡೆಯಿಂದ ಹೋದವರ ಮೊಮ್ಮಕ್ಕಳು, ಮರಿಮಕ್ಕಳು. ಇವರೆಲ್ಲ ನಮ್ಮ ದೇಶದವರೇ. ಎಲ್ಲಿ ಬೇಕಾದರೂ ಹೋಗಿ ದುಡಿಯುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಅವರಿಗೂ ಕೊಟ್ಟಿದೆ.

ಹಾಗಂತ ಅಕ್ರಮ ವಲಸೆ ಬರೀ ಸುಳ್ಳು ಸುದ್ದಿಯಲ್ಲ. ಬಾಂಗ್ಲಾದೇಶದ ಜೊತೆ ನಮ್ಮ ಗಡಿ 4,096 ಕಿ.ಮೀ. ಇದೆ. ಎಷ್ಟೋ ಕಡೆ ಹೊಳೆಯೇ ಗಡಿ, ಬೇಲಿ ಹಾಕಲು ಆಗುವುದಿಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಪ್ರಕಾರ ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಗ್ಗಿದವರಿಗೆ 5 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಭದ್ರತೆ ವಿಷಯದಲ್ಲಿ ನನಗೆ ಹೆಚ್ಚು ಭಯ ಹಣ್ಣು ಕುಯ್ಯುವವನದ್ದಲ್ಲ, ಅವನಿಗೆ ದುಡ್ಡಿಗೆ ಸುಳ್ಳು ಕಾರ್ಡ್ ಮಾಡಿಸಿ ಕೊಡುವ ದಲ್ಲಾಳಿಯದ್ದು. ನಾಳೆ ಅದೇ ದಾರಿಯಲ್ಲಿ ಅವನು ಯಾರನ್ನು ಬೇಕಾದರೂ ಒಳಗೆ ಬಿಟ್ಟಾನು.

ಕೂಲಿ ಬಗ್ಗೆ ಊರವರ ಸಂಕಟ ನಿಜ. ದಾಖಲೆ ಇಲ್ಲದವನು ಠಾಣೆಗೂ ಹೋಗಲಾರ, ಲೇಬರ್ ಆಫೀಸಿಗೂ ಹೋಗಲಾರ. ಮೇಸ್ತ್ರಿ ಕೆಜಿಗೆ ಎಷ್ಟು ಕೊಟ್ಟರೂ ತಗೋತಾನೆ. ಆಮೇಲೆ ಅದೇ ರೇಟು ತೋರಿಸಿ ಊರಿನ ಹೆಂಗಸರ ಕೂಲಿಗೂ ಕತ್ತರಿ ಹಾಕುತ್ತಾರೆ. ಆದರೆ ‘ಕೆಲಸ ಕಿತ್ಕೊಂಡ್ರು’ ಅನ್ನೋದು ನಮ್ಮ ಮಲೆನಾಡಿಗೆ ಪೂರ್ತಿ ಒಪ್ಪುವ ಮಾತಲ್ಲ. ತೋಟದ ಕೂಲಿಯವರು ಇರುವ ಲೈನ್ ಮನೆಯ ಮಕ್ಕಳು ಓದಿ ಬೆಂಗಳೂರು ಸೇರುತ್ತಿದ್ದಾರೆ. ಅರೇಬಿಕಾ ಹಣ್ಣಾದರೆ ಆಳಿಗಾಗಿ ಕಾಯುವುದಿಲ್ಲ, ಉದುರುತ್ತದೆ. ಅದಕ್ಕೇ ಹೇಳೋದು, ಊರವರಿಗೂ ಹೊರಗಿನವರಿಗೂ ಒಂದೇ ರೇಟು ಕೊಡಿ. ದುಡ್ಡು ಮೇಸ್ತ್ರಿ ಕೈಗಲ್ಲ, ಆಳಿನ ಖಾತೆಗೇ ಹಾಕಿ.

ಈ ವಾರವೇ ಮೇಸ್ತ್ರಿಯ ಲೈಸೆನ್ಸ್ ಕೇಳಿ. ಹೆಸರು, ಊರು, ಅಲ್ಲಿನ ಪೊಲೀಸ್ ಠಾಣೆ, ಮನೆಯವರ ಫೋನ್ ನಂಬರ್ ಬರೆದ ಪಟ್ಟಿಯ ಒಂದು ಪ್ರತಿಯನ್ನು ನಿಮ್ಮ ಠಾಣೆಗೆ ಕೊಡಿ. ಯಾರ ಮೇಲಾದರೂ ಅನುಮಾನ ಬಂದರೆ ಠಾಣೆಗೆ ತಿಳಿಸಿ. ಪೊಲೀಸರು ಆ ಜಿಲ್ಲೆಯವರನ್ನೇ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ನೀವೇ ಕೂಡಿಹಾಕುವುದು, ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಬಿಡುವುದು ಬೇಡವೇ ಬೇಡ. ಅಸಲಿ ಕಾರ್ಡುಗಳನ್ನು ನೀವೂ ಇಟ್ಟುಕೊಳ್ಳಬೇಡಿ, ಮೇಸ್ತ್ರಿಗೂ ಇಟ್ಟುಕೊಳ್ಳಲು ಬಿಡಬೇಡಿ. ಪೊಲೀಸರು ಪರಿಶೀಲನೆಗೆ ಬಂದಾಗ ಅವು ಆಳುಗಳ ಕೈಯಲ್ಲೇ ಇರಬೇಕು.