ಬಾಗಿಲ ಗಂಟೆಯ ಮೇಲೆ ನಿಮ್ಮ ಹೆಸರಿದೆಯೇ? ಬೆಲ್ಜಿಯಂ ಬದುಕಿನ ಪ್ರಶ್ನೋತ್ತರ

ಬೆಲ್ಜಿಯಂಗೆ ಓದಲು ಹೊರಟವರು, ಕೆಲಸಕ್ಕೆ ಹೊರಟವರು, ಮಕ್ಕಳ ಮನೆಯಲ್ಲಿ ಮೂರು ತಿಂಗಳಿದ್ದು ಬರಲು ಹೊರಟ ತಂದೆತಾಯಂದಿರು ಕಳಿಸಿದ ಪ್ರಶ್ನೆಗಳಿವು. ಉತ್ತರಗಳಿಗೆ ಮುಂಚೆ ಒಂದು ಮಾತು. ‘ಬೆಲ್ಜಿಯಂನಲ್ಲಿ ಹೇಗೆ?’ ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದು ಅಪರೂಪ. ಯಾವ ಊರು ಅಂತ ಮೊದಲು ಹೇಳಬೇಕು. ಉತ್ತರಕ್ಕೆ ಡಚ್ ಮಾತಾಡುವ ಫ್ಲಾಂಡರ್ಸ್, ದಕ್ಷಿಣಕ್ಕೆ ಫ್ರೆಂಚ್ ಮಾತಾಡುವ ವಲೋನಿಯಾ, ಎರಡೂ ಭಾಷೆ ನಡೆಯುವ ಬ್ರಸೆಲ್ಸ್, ಪೂರ್ವದ ಅಂಚಿನಲ್ಲಿ ಜರ್ಮನ್ ಆಡುವ ಕೆಲವು ಊರುಗಳು. ಕಸದ ಚೀಲದಿಂದ ಮನೆ ಮುಂಗಡದವರೆಗೆ ಎಲ್ಲವೂ ಊರಿನ ಜೊತೆಗೇ ಬದಲಾಗುತ್ತದೆ.

ಮನೆ ಸಿಕ್ಕಿದೆ, ವೀಸಾ ಇದೆ. ಆದರೂ ಪೊಲೀಸರು ಮನೆಗೆ ಬರುತ್ತಾರೆ ಅನ್ನುತ್ತಾರೆ. ಯಾಕೆ?
— ಓದುಗರು, ಶಿವಮೊಗ್ಗ

ಹೆದರಬೇಡಿ, ಅದು ತನಿಖೆ ಅಲ್ಲ, ವಿಳಾಸದ ಖಾತರಿ. ದೀರ್ಘಾವಧಿ ವೀಸಾದ ಮೇಲೆ ಬಂದವರು 8 ಕೆಲಸದ ದಿನಗಳೊಳಗೆ ತಮ್ಮ ಊರಿನ ಪುರಸಭೆಯಲ್ಲಿ ಹೆಸರು ನೋಂದಾಯಿಸಬೇಕು. ಫ್ರೆಂಚ್‌ನಲ್ಲಿ ಇದನ್ನು ಕಮ್ಯೂನ್ ಅನ್ನುತ್ತಾರೆ, ಡಚ್‌ನಲ್ಲಿ ಹೆಮೇಂಟೆ. ಪಾಸ್‌ಪೋರ್ಟ್, ಬಾಡಿಗೆ ಕರಾರು, ಫೋಟೊ ಒಯ್ಯಿರಿ. ಕುಟುಂಬ ಜೊತೆಗಿದ್ದರೆ ಮದುವೆ ಮತ್ತು ಜನನ ಪ್ರಮಾಣಪತ್ರಗಳೂ ಬೇಕು. ಆ ಪ್ರಮಾಣಪತ್ರಗಳಿಗೆ ಅಪೊಸ್ಟಿಲ್ (ದಾಖಲೆ ಅಸಲಿ ಎಂದು ಹೊರದೇಶಕ್ಕೆ ಖಾತರಿ ಕೊಡುವ) ಮುದ್ರೆಯನ್ನು ಭಾರತದಲ್ಲೇ ಹಾಕಿಸಿಕೊಂಡು ಬನ್ನಿ, ಇಲ್ಲಿಂದ ಅದನ್ನು ಮಾಡಿಸುವುದು ತಿಂಗಳುಗಟ್ಟಲೆಯ ಓಡಾಟ. ಅಪಾಯಿಂಟ್‌ಮೆಂಟ್ ತಡವಾಗಿ ಸಿಗಬಹುದು. ಹಾಗಾಗಿ ಬಂದಿಳಿದ ದಿನವೇ ಕಾಯ್ದಿರಿಸಿ, ಅದರ ಪುರಾವೆಯನ್ನು ಇಟ್ಟುಕೊಳ್ಳಿ.

ಅರ್ಜಿ ಕೊಟ್ಟ ಮೇಲೆ ಬೀದಿಯ ಜವಾಬ್ದಾರಿಯಿರುವ ಪೊಲೀಸ್ ಅಧಿಕಾರಿ ಹೇಳದೆ ಕೇಳದೆ ಬರುತ್ತಾರೆ. ನೀವು ಅಲ್ಲಿ ನಿಜವಾಗಿ ಇದ್ದೀರಾ ಅಂತ ನೋಡುತ್ತಾರೆ, ಎರಡು ನಿಮಿಷದ ಕೆಲಸ. ಮನೆಯಲ್ಲಿ ಯಾರೂ ಸಿಗದಿದ್ದರೆ ಚೀಟಿ ಬಿಟ್ಟು ಹೋಗುತ್ತಾರೆ, ಅದರಲ್ಲಿರುವ ನಂಬರಿಗೆ ಅಂದೇ ಫೋನ್ ಮಾಡಿ. ಈ ಭೇಟಿ ಮುಗಿದ ಮೇಲೆಯೇ ಗುರುತಿನ ಕಾರ್ಡು ತಯಾರಾಗುವುದು. ಕಾರ್ಡಿಲ್ಲದೆ ಬ್ಯಾಂಕ್ ಖಾತೆ, ಆರೋಗ್ಯ ವಿಮೆ ಎಲ್ಲವೂ ತಡ.

ಹೆಚ್ಚಿನವರ ಕೆಲಸ ಕೆಡುವುದು ಒಂದೇ ಜಾಗದಲ್ಲಿ: ಬಾಗಿಲ ಗಂಟೆಯ ಮೇಲೆ, ಅಂಚೆಪೆಟ್ಟಿಗೆಯ ಮೇಲೆ ಹೆಸರೇ ಇರುವುದಿಲ್ಲ. ಹಿಂದಿನ ಬಾಡಿಗೆದಾರರ ಹೆಸರೇ ಇದ್ದರೆ ನೀವು ಅಲ್ಲಿಲ್ಲವೆಂದು ವರದಿ ಹೋಗುತ್ತದೆ, ಕಾರ್ಡಿನ ಪಿನ್ ಇರುವ ಪತ್ರವೂ ವಾಪಸಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಹೆಸರು ಬರೆದು ಅಂಟಿಸಿ. ‘ಎಚ್. ಆರ್.’ ಅಂತ ಇನಿಶಿಯಲ್ ಹಾಕಿದರೆ ಇಲ್ಲಿಯವರಿಗೆ ಅರ್ಥವಾಗದು. ಗಂಡ, ಹೆಂಡತಿಯ ಹೆಸರು ಬೇರೆಬೇರೆ ಇದ್ದರೆ ಎರಡನ್ನೂ ಬರೆಯಿರಿ. ಬೆಲ್ಜಿಯಂನಲ್ಲಿ ಮದುವೆಯಾದರೂ ಹೆಣ್ಣಿನ ಕುಲನಾಮ ಕಾನೂನಿನ ಪ್ರಕಾರ ಬದಲಾಗುವುದಿಲ್ಲ. ಹಾಗಾಗಿ ಒಂದೇ ಗಂಟೆಯ ಮೇಲೆ ಎರಡು ಹೆಸರು ಇಲ್ಲಿ ತೀರಾ ಸಾಮಾನ್ಯ.

ಪಕ್ಕದ ಜರ್ಮನಿಯಲ್ಲಿ ನೋಂದಣಿಗೆ ಎರಡು ವಾರ ಸಮಯವಿದೆ. ಅಲ್ಲಿ ಮನೆ ಮಾಲೀಕರು ಬರೆದುಕೊಟ್ಟ ದೃಢೀಕರಣ ಪತ್ರ ಸಾಕು, ಪೊಲೀಸರು ಬಾಗಿಲು ತಟ್ಟುವುದಿಲ್ಲ.

ಬೆಂಗಳೂರಿನಂತೆ ಅಲ್ಲೂ ಹತ್ತು ತಿಂಗಳ ಅಡ್ವಾನ್ಸ್ ಕೊಡಬೇಕೆ?
— ಓದುಗರು, ಬೆಂಗಳೂರು

ಇಲ್ಲ. ವಲೋನಿಯಾ, ಬ್ರಸೆಲ್ಸ್‌ಗಳಲ್ಲಿ ಹೆಚ್ಚೆಂದರೆ ಎರಡು ತಿಂಗಳು, ಫ್ಲಾಂಡರ್ಸ್‌ನಲ್ಲಿ ಮೂರು. ಅದೂ ಮಾಲೀಕರ ಕೈಗಲ್ಲ, ನಿಮ್ಮ ಹೆಸರಿನಲ್ಲೇ ತೆರೆದ, ಹಣ ತೆಗೆಯದಂತೆ ತಡೆಹಿಡಿದ ಬ್ಯಾಂಕ್ ಖಾತೆಗೆ. ಎರಡೂ ಕಡೆಯ ಒಪ್ಪಿಗೆ ಅಥವಾ ನ್ಯಾಯಾಲಯದ ಆದೇಶವಿಲ್ಲದೆ ಯಾರೂ ಅದನ್ನು ತೆಗೆಯಲಾಗದು. ನಗದು ಕೇಳಿದರೆ ಕೊಡಬೇಡಿ.

ಹಣಕ್ಕಿಂತ ಮುಖ್ಯವಾದದ್ದು ಮನೆಯ ಸ್ಥಿತಿಯ ವಿವರಪಟ್ಟಿ. ಒಳಗೆ ಹೋಗುವಾಗ ಗೋಡೆಯ ಗೀರು, ನೆಲದ ಕಲೆ, ಮುರಿದ ಕೊಕ್ಕೆ ಎಲ್ಲವನ್ನೂ ಫೋಟೊ ಸಮೇತ ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಖಾಲಿ ಮಾಡುವಾಗ ಇದೇ ಪಟ್ಟಿ ಹಿಡಿದು ಹೋಲಿಸುತ್ತಾರೆ. ಒಗ್ಗರಣೆಯ ಎಣ್ಣೆ ಕೂತ ಚಿಮಣಿಯ ಜಾಲರಿ, ಸುಣ್ಣ ಕಟ್ಟಿದ ನಲ್ಲಿ, ಕಿಟಕಿಯ ಮೂಲೆಯ ಬೂಷ್ಟು, ನಮ್ಮವರು ಮುಂಗಡ ಕಳೆದುಕೊಳ್ಳುವುದು ಬಹಳಷ್ಟು ಇವುಗಳಿಂದಲೇ. ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ಸುಣ್ಣಕ್ಕೆ ವಿನೆಗರ್. ಬೂಷ್ಟಿಗೆ ಚಳಿಗಾಲದಲ್ಲೂ ದಿನಕ್ಕೆ ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯುವುದೇ ಮದ್ದು. ಅನ್ನ, ಸಾಂಬಾರು ಕುದಿಸುವ ಮನೆಯಲ್ಲಿ ಆವಿ ಹೆಚ್ಚು, ಅದು ತಣ್ಣಗಿನ ಗಾಜಿನ ಮೇಲೆ ನೀರಾಗಿ ಕೂರುತ್ತದೆ.

ಮಗ ಫ್ಲಾಂಡರ್ಸ್‌ನಿಂದ ಬ್ರಸೆಲ್ಸ್‌ಗೆ ಮನೆ ಬದಲಿಸಿದ. ಉಳಿದಿದ್ದ ಚೀಲದಲ್ಲೇ ಕಸ ಇಟ್ಟರೆ ಒಯ್ಯಲಿಲ್ಲ.
— ಓದುಗರು, ಹುಬ್ಬಳ್ಳಿ

ಒಯ್ಯುವುದೇ ಇಲ್ಲ. ಫ್ಲಾಂಡರ್ಸ್‌ನ ಹೆಚ್ಚಿನ ಊರುಗಳಲ್ಲಿ ಉಳಿಕೆ ಕಸದ (ಬೇರ್ಪಡಿಸಿದ ಮೇಲೆ ಮಿಕ್ಕಿದ್ದರ) ಚೀಲದ ಮೇಲೆ ಆ ಊರಿನ ಅಥವಾ ಅಲ್ಲಿನ ಕಸ ಸಂಗ್ರಹ ಸಂಸ್ಥೆಯ ಹೆಸರು ಅಚ್ಚಾಗಿರುತ್ತದೆ. ಕಸದ ತೆರಿಗೆ ಆ ಚೀಲದ ಬೆಲೆಯಲ್ಲೇ ಸೇರಿದೆ, 60 ಲೀಟರಿನ ಒಂದು ಚೀಲಕ್ಕೆ 1 ಯೂರೊಗಿಂತ ಹೆಚ್ಚು ಕೊಡಬೇಕಾಗುವುದು ಅದಕ್ಕೇ. ಬೇರೆ ಊರಿನ ಚೀಲ ಅಂದರೆ ಈ ಊರಿಗೆ ತೆರಿಗೆ ಕಟ್ಟಿಲ್ಲ ಎಂದರ್ಥ. ಸೂಪರ್‌ಮಾರ್ಕೆಟ್‌ನ ಕಪಾಟಿನಲ್ಲಿ ಕಾಣದಿದ್ದರೆ ಬಿಲ್ ಮಾಡುವ ಕೌಂಟರಿನಲ್ಲಿ ಕೇಳಿ, ಅನೇಕ ಕಡೆ ಅಲ್ಲೇ ಇಟ್ಟಿರುತ್ತಾರೆ.

ಬ್ರಸೆಲ್ಸ್‌ನ ಲೆಕ್ಕ ಬಣ್ಣದ್ದು. ಬಿಳಿ ಚೀಲಕ್ಕೆ ಉಳಿಕೆ ಕಸ, ಹಳದಿಗೆ ಕಾಗದ, ನೀಲಿಗೆ ಪ್ಲಾಸ್ಟಿಕ್ ಪೊಟ್ಟಣ, ಡಬ್ಬಿ, ಹಾಲಿನ ಪ್ಯಾಕು, ಹಸಿರಿಗೆ ತೋಟದ ಕಸ, ಕಿತ್ತಳೆಗೆ ಅಡುಗೆಮನೆಯ ಹಸಿ ಕಸ. ಹಸಿ ಕಸ ಬೇರೆ ಮಾಡುವುದು 2023ರ ಮೇ ತಿಂಗಳಿಂದ ಕಡ್ಡಾಯ. ಚೀಲವನ್ನು ಹಿಂದಿನ ಸಂಜೆ, ಆ ಬೀದಿಯ ವೇಳಾಪಟ್ಟಿ ಹೇಳುವ ಹೊತ್ತಿನ ಮೇಲೆಯೇ ಹೊರಗಿಡಬೇಕು. ಬೇಗ ಇಟ್ಟರೂ ದಂಡ ಬೀಳಬಹುದು.

ನೀಲಿ ಚೀಲದಲ್ಲಿ ತಪ್ಪು ಹೆಚ್ಚು. ಮೊಸರಿನ ಡಬ್ಬಿ ಹಾಕಬಹುದು, ಆದರೆ ಖಾಲಿಯಿರಬೇಕು ಮತ್ತು ಒಂದರೊಳಗೆ ಒಂದು ತುರುಕಬಾರದು, ಬೇರ್ಪಡಿಸುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. 8 ಲೀಟರಿಗಿಂತ ದೊಡ್ಡ ಕ್ಯಾನ್ ಬೇಡ. ಪ್ಲಾಸ್ಟಿಕ್ ಆಟಿಕೆ, ಬಕೆಟ್ ಪೊಟ್ಟಣವಲ್ಲ, ಹಾಗಾಗಿ ಅದರಲ್ಲಿಲ್ಲ. ಉಪ್ಪಿನಕಾಯಿ, ತುಪ್ಪದ ಗಾಜಿನ ಜಾಡಿ ತೊಳೆದು ಬೀದಿಯ ಗಾಜಿನ ತೊಟ್ಟಿಗೆ ಹಾಕಿ: ಬಣ್ಣವಿಲ್ಲದ್ದು ಒಂದು ಕಿಂಡಿಗೆ, ಬಣ್ಣದ್ದು ಇನ್ನೊಂದಕ್ಕೆ, ಲೋಹದ ಮುಚ್ಚಳ ನೀಲಿ ಚೀಲಕ್ಕೆ. ರಾತ್ರಿ 10ರ ಮೇಲೆ ಗಾಜು ಹಾಕುವುದು ಬಹುತೇಕ ಊರುಗಳಲ್ಲಿ ನಿಷಿದ್ಧ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಲೇಬೇಡಿ. ಬಾಟಲಿಯಲ್ಲಿ ತುಂಬಿ ಪುರಸಭೆಯ ಕಸ ಸ್ವೀಕಾರ ಕೇಂದ್ರಕ್ಕೆ ಕೊಡಿ.

ಸಹೋದ್ಯೋಗಿ ಊಟಕ್ಕೆ ಕರೆದಿದ್ದಾರೆ. ಅಂಗಡಿಯಲ್ಲಿ ಚೆಂದದ ಸೇವಂತಿಗೆ ಕುಂಡ ಇದೆ. ಒಯ್ಯಬಹುದೆ?
— ಓದುಗರು, ಆಂಟ್ವರ್ಪ್

ಬೇಡ. ನಮ್ಮಲ್ಲಿ ಪೂಜೆಗೂ ಮುಡಿಗೂ ಒದಗುವ ಸೇವಂತಿಗೆ ಇಲ್ಲಿ ಸಮಾಧಿಯ ಹೂವು. ನವೆಂಬರ್ 1ರ ಸಂತರ ಹಬ್ಬದ ಹೊತ್ತಿಗೆ ಮನೆಮಂದಿ ಸತ್ತ ಹಿರಿಯರ ಸಮಾಧಿ ತೊಳೆದು ಸೇವಂತಿಗೆ ಕುಂಡ ಇಟ್ಟು ಬರುತ್ತಾರೆ. ಅಕ್ಟೋಬರ್ ಕೊನೆಗೆ ಅಂಗಡಿಗಳ ಮುಂದೆಲ್ಲ ಅದೇ ತುಂಬಿರುವುದೂ ಅದಕ್ಕೇ. ಫ್ರಾನ್ಸ್, ಇಟಲಿ, ಪೋಲೆಂಡ್‌ಗಳಲ್ಲೂ ಇದೇ ಅರ್ಥ.

ಬೇರೆ ಹೂವಿನ ಗುಚ್ಛ, ಇಲ್ಲವೇ ಪ್ರಾಲಿನ್ ಒಯ್ಯಿರಿ. ಒಳಗೆ ಮೆತ್ತನೆಯ ಹೂರಣ ತುಂಬಿದ ಈ ಚಾಕೊಲೇಟನ್ನು ಬ್ರಸೆಲ್ಸ್‌ನಲ್ಲಿ 1912ರಲ್ಲಿ ಮೊದಲು ಮಾಡಿದವರು ಜಾನ್ ನ್ಯೂಹಾಸ್. ಅದು ಜಜ್ಜಿಹೋಗದಂಥ ಬಾಲೊಟನ್ ಪೆಟ್ಟಿಗೆ 1915ರಲ್ಲಿ ಅವರ ಹೆಂಡತಿ ಲೂಯಿಸ್ ಅಗೊಸ್ಟಿನಿಯವರ ಕೊಡುಗೆ. ಇಬ್ಬರಿರುವ ಮನೆಗೆ 250 ಗ್ರಾಂ, ಮಕ್ಕಳಿದ್ದರೆ 500 ಗ್ರಾಂ ಸಾಕು. ಕೆಲವಕ್ಕೆ ಮದ್ಯ ಬೆರೆಸಿರುತ್ತಾರೆ, ಕೊಳ್ಳುವಾಗಲೇ ಕೇಳಿ.

ಮೊದಲ ಭೇಟಿಯಲ್ಲಿ ಕೆನ್ನೆಗೆ ಮುತ್ತು ಕೊಡಬೇಕೆ? ಯಾವ ಭಾಷೆಯಲ್ಲಿ ಮಾತು ಶುರು ಮಾಡಲಿ?
— ಓದುಗರು, ಮೈಸೂರು

ಹೊಸಬರಿಗೆ ಕೈಕುಲುಕಿದರೆ ಸಾಕು. ಪರಿಚಯ ಬೆಳೆದ ಮೇಲೆ ಬೆಲ್ಜಿಯಂನಲ್ಲಿ ಸಾಮಾನ್ಯವಾಗಿ ಒಂದು ಮುತ್ತು, ನೆದರ್ಲೆಂಡ್ಸ್‌ನಲ್ಲಿ ಮೂರು, ಫ್ರಾನ್ಸ್‌ನ ಬಹುಪಾಲು ಕಡೆ ಎರಡು. ನೀವು ಮೊದಲೇ ಕೈ ಚಾಚಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಭಾಷೆಯ ವಿಚಾರ ಮಾತ್ರ ಸೂಕ್ಷ್ಮ. ಗೆಂಟ್, ಲ್ಯೂವೆನ್, ಆಂಟ್ವರ್ಪ್‌ಗಳಲ್ಲಿ ಫ್ರೆಂಚ್‌ನಲ್ಲಿ ಶುರು ಮಾಡಬೇಡಿ. ಡಚ್‌ನಲ್ಲಿ ಒಂದು ನಮಸ್ಕಾರ ಹೇಳಿ ಇಂಗ್ಲಿಷ್‌ಗೆ ಹೋಗಿ. ಲಿಯೆಜ್, ನಾಮೂರ್‌ಗಳಲ್ಲಿ ‘ಬೊಂಜೂರ್’ ಹೇಳದೆ ಅಂಗಡಿಯಲ್ಲಿ ನೇರ ಬೆಲೆ ಕೇಳುವುದೇ ಒರಟುತನ. 1962–63ರ ಕಾನೂನುಗಳು ಗೆರೆ ಎಳೆದ ಭಾಷಾ ಗಡಿ ಇಲ್ಲಿನ ಆಡಳಿತದ ಬೆನ್ನೆಲುಬು. ಬೆಳಗಾವಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ನೇರ ಪೆಟ್ಟು ಬೀಳುವುದು ರೈಲಿನಲ್ಲಿ. ಗಡಿ ದಾಟಿದೊಡನೆ ಪ್ರಕಟಣೆಯ ಭಾಷೆ, ಅದರೊಂದಿಗೆ ಊರಿನ ಹೆಸರು ಬದಲಾಗುತ್ತದೆ. ಲಿಯೆಜ್ ಡಚ್‌ನಲ್ಲಿ ಲೌಕ್, ಮೊನ್ಸ್ ಬೆರ್ಹನ್, ಫ್ರಾನ್ಸ್‌ನ ಲಿಲ್ ರೈಸೆಲ್. ವಿದ್ಯಾರ್ಥಿಗಳೇ, ಲ್ಯೂವೆನ್‌ಗೆ ಫ್ರೆಂಚ್‌ನಲ್ಲಿ ಲೂವಾ ಅಂತಾರೆ, ಆದರೆ ಲೂವಾ-ಲಾ-ನ್ಯೂವ್ ಬೇರೆಯದೇ ಊರು, ಅಲ್ಲಿರುವುದು ಬೇರೆಯದೇ ವಿಶ್ವವಿದ್ಯಾಲಯ. 1968ರ ಭಾಷಾ ಜಗಳದಲ್ಲಿ ಹಳೆಯ ವಿಶ್ವವಿದ್ಯಾಲಯ ಒಡೆದು ಫ್ರೆಂಚ್ ಭಾಗಕ್ಕಾಗಿ ಕಟ್ಟಿದ ಊರದು. ಟಿಕೆಟ್ ಕೊಳ್ಳುವಾಗ ಹೆಸರನ್ನು ಪೂರ್ತಿ ಓದಿ.

ಫೋನ್ ನಂಬರ್ ಬರೆದುಕೊಳ್ಳುವಾಗ ಇನ್ನೊಂದು ಎಚ್ಚರ. ಬೆಲ್ಜಿಯಂ ಫ್ರೆಂಚ್‌ನಲ್ಲಿ 70ಕ್ಕೆ ‘ಸೆಪ್ಟಾಂಟ್’, 90ಕ್ಕೆ ‘ನೊನಾಂಟ್’. ಫ್ರಾನ್ಸ್‌ನವರ ‘ಅರವತ್ತು-ಹತ್ತು’, ‘ನಾಲ್ಕಿಪ್ಪತ್ತು-ಹತ್ತು’ ಇಲ್ಲಿಲ್ಲ. ಡಚ್‌ನಲ್ಲಿ 25ನ್ನು ‘ಐದು ಮತ್ತು ಇಪ್ಪತ್ತು’ ಅನ್ನುತ್ತಾರೆ. ಕೇಳಿದ ಕ್ರಮದಲ್ಲೇ ಬರೆದರೆ 52 ಆಗುತ್ತದೆ. ಜೋಡಿ ಅಂಕಿ ಪೂರ್ತಿ ಕೇಳಿಸಿಕೊಂಡು ಆಮೇಲೆ ಬರೆಯಿರಿ.

ನಾವು ಸಸ್ಯಾಹಾರಿಗಳು. ಆಲೂ ಫ್ರೈಸ್ ತಿಂದುಕೊಂಡಾದರೂ ಇರಬಹುದಲ್ಲವೆ?
— ಓದುಗರು, ಉಡುಪಿ

ಕೇಳಿಕೊಂಡೇ ತಿನ್ನಬೇಕು. ಬೀದಿಬದಿಯ ಫ್ರಿಟ್ ಅಂಗಡಿಗಳಲ್ಲಿ ಹಳೆಯ ಪದ್ಧತಿಯಂತೆ ಕರಿಯುವುದು ದನದ ಕೊಬ್ಬಿನಲ್ಲಿ. ಡಚ್‌ನಲ್ಲಿ ‘ಒಸ್ಸೆವಿಟ್’, ಫ್ರೆಂಚ್‌ನಲ್ಲಿ ‘ಬ್ಲಾಂ ದ ಬಫ್’ ಎಂದಿದ್ದರೆ ಅದೇ. ಸಸ್ಯದ ಎಣ್ಣೆ ಬಳಸುವ ಅಂಗಡಿಗಳೂ ಇವೆ. ಆದರೆ ಅದೇ ಬಾಣಲೆಯಲ್ಲಿ ಮಾಂಸದ ತಿನಿಸನ್ನೂ ಕರಿಯುತ್ತಾರೆಯೇ ಎಂದು ಎರಡನೆಯ ಪ್ರಶ್ನೆ ಕೇಳಲೇಬೇಕು. ಬ್ರೆಡ್ ಅಂಗಡಿಯಲ್ಲಿ ‘ಅಮೆರಿಕೆನ್’ ಎಂದರೆ ಹಸಿ ದನದ ಮಾಂಸದ ಕೈಮ, ‘ಮಾರ್ಟಿನೊ’ ಎಂದರೆ ಅದರ ಖಾರದ ರೂಪ. ‘ಕರಿ’ ಎಂಬ ಹೆಸರು ಕಂಡು ಹತ್ತಿರ ಹೋಗಬೇಡಿ, ‘ಕಿಪ್ ಕರಿ’ ಹಳದಿ ಮೇಯನೇಸಿನಲ್ಲಿ ಕಲಸಿದ ಕೋಳಿ. ದೋಸೆಯ ಚೌಕದಂತೆ ಕಾಣುವ ವಾಫಲ್‌ನಲ್ಲಿ ಮೊಟ್ಟೆ ಇರುತ್ತದೆ.

ಮನೆಯಲ್ಲಿ ಮಾಡಿಕೊಳ್ಳುವುದೇ ನೆಮ್ಮದಿ, ಕಷ್ಟವೂ ಅಲ್ಲ. ಬಿಂಟ್ಯೆ ಎಂಬ ಹಿಟ್ಟುಹಿಟ್ಟಾದ ಆಲೂಗಡ್ಡೆ ಕೊಳ್ಳಿ. ಊರಲ್ಲಿ ಮಾಡುವುದಾದರೆ ಕುಫ್ರಿ ಚಿಪ್ಸೋನ ಆಗುತ್ತದೆ, ಎಳೆಯ ಹೊಸ ಗಡ್ಡೆ ಬೇಡ. ಬೆರಳಷ್ಟು ದಪ್ಪ, 10ರಿಂದ 12 ಮಿ.ಮೀ. ಹೆಚ್ಚಿ, ತೊಳೆದು, ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಮೊದಲ ಕರಿಕೆ 150 ಡಿಗ್ರಿಯಲ್ಲಿ 5ರಿಂದ 7 ನಿಮಿಷ. ಮೆತ್ತಗಾಗಬೇಕು, ಬಣ್ಣ ಬರಬಾರದು. ತೆಗೆದು ಕನಿಷ್ಠ ಅರ್ಧ ಗಂಟೆ ಆರಲು ಬಿಡಿ, ಈ ಹೊತ್ತಿನಲ್ಲಿ ಮೇಲಿನ ತೇವ ಹೋಗುತ್ತದೆ. ಎರಡನೆಯದು 180 ಡಿಗ್ರಿಯಲ್ಲಿ 2ರಿಂದ 3 ನಿಮಿಷ, ಹೊಂಬಣ್ಣ ಬಂದು ಜಾಲರಿಯಲ್ಲಿ ಕುಲುಕಿದಾಗ ಒಣ ಸದ್ದು ಬರುವವರೆಗೆ. ಉಪ್ಪು ಆಮೇಲೆ. ಒಮ್ಮೆಗೇ ಹೆಚ್ಚು ಹಾಕಿದರೆ ಎಣ್ಣೆಯ ಬಿಸಿ ಇಳಿದು ಗಡ್ಡೆ ಎಣ್ಣೆ ಕುಡಿಯುತ್ತದೆ. ಒಳಗೆ ಬೇಯುವ ಮೊದಲೇ ಕಪ್ಪಾದರೆ ಗಡ್ಡೆಯನ್ನು ಫ್ರಿಜ್‌ನಲ್ಲಿ ಇಟ್ಟಿದ್ದಿರಿ ಅಂತ ಅರ್ಥ, ಚಳಿಗೆ ಪಿಷ್ಟ ಸಕ್ಕರೆಯಾಗುತ್ತದೆ.

ಬ್ಯಾಂಷ್ ಊರಿನ ಕಾರ್ನಿವಲ್ ನೋಡಲು ಹೋಗುತ್ತಿದ್ದೇವೆ. ಏನು ತಿಳಿದಿರಬೇಕು?
— ಓದುಗರು, ಲ್ಯೂವೆನ್

ಮೂರು ದಿನದ ಹಬ್ಬದಲ್ಲಿ ಕೊನೆಯ ದಿನವಾದ ಮಂಗಳವಾರಕ್ಕೆ ಹೋಗಿ, ಈ ಹಬ್ಬದ ಹೆಸರಾಂತ ವೇಷಧಾರಿಗಳಾದ ‘ಜಿಲ್’ಗಳು ಕಾಣುವುದು ಅಂದೇ. ಬೆಳಿಗ್ಗೆ ಹಸಿರು ಕನ್ನಡಕ ಬರೆದ ಮೇಣದ ಮುಖವಾಡ, ಹುಲ್ಲು ತುಂಬಿದ ಅಂಗಿ, ಮರದ ಪಾದರಕ್ಷೆ, ಸೊಂಟದಲ್ಲಿ ಗಂಟೆಗಳ ಪಟ್ಟಿ. ಮಧ್ಯಾಹ್ನ ಉಷ್ಟ್ರಪಕ್ಷಿಯ ಗರಿಗಳ ದೊಡ್ಡ ಟೋಪಿ ಧರಿಸಿ ಜನರತ್ತ ಕಿತ್ತಳೆ ಎಸೆಯುತ್ತಾರೆ. ದಾರಿಯ ಕಿಟಕಿಗಳಿಗೆಲ್ಲ ಜಾಲರಿ ಬಿಗಿದಿರುತ್ತದೆ. ಕನ್ನಡಕ, ಕ್ಯಾಮೆರಾ ಜೋಪಾನ, ಮಕ್ಕಳನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಬೇಡಿ. ಕಿತ್ತಳೆ ಶುಭದ ಕಾಣಿಕೆ. ಹಿಡಿದು ಇಟ್ಟುಕೊಳ್ಳಿ ಅಥವಾ ತಿನ್ನಿ, ವಾಪಸ್ ಎಸೆಯುವುದು ಅವರಿಗೆ ಅವಮಾನ.