ಭಾವನ ವಾದ, ಕಾಚಂಪುಳಿ ಮತ್ತು ಕುರು ರೋಗ

ಪ್ರಶ್ನೆ: ಡಾಕ್ಟ್ರೇ, ಕೈಲ್ ಪೊಳ್ದ್ ಹಬ್ಬಕ್ಕೆ ಮನೆಮಂದಿ ಎಲ್ಲ ಸೇರಿದ್ದೆವು. ಕಡುಂಬುಟ್ಟು, ಪಂದಿ ಕರಿ ಬಡಿಸುತ್ತಿರುವಾಗಲೇ ನಮ್ಮ ಭಾವ ಫೋನಲ್ಲಿ ನೋಡಿದ ನರಭಕ್ಷಕರ ವಿಡಿಯೋ ಕಥೆ ತೆಗೆದರು. ಚೆನ್ನಾಗಿ ಬೇಯಿಸಿ ನಮ್ಮ ಕಾಚಂಪುಳಿ ಎಂಬ ಕಪ್ಪು ಹುಳಿ ಹಾಕಿದರೆ ಯಾವ ಮಾಂಸವಾದರೂ ರೋಗ ಬರಲ್ಲ ಅಂತ ಅವರ ವಾದ. ಅತ್ತೆ ತಟ್ಟೆ ಬಿಟ್ಟು ಎದ್ದೇಬಿಟ್ಟರು. ನಿಜವಾಗಿಯೂ ಮನುಷ್ಯರ ಮಾಂಸ ತಿಂದವರಿಗೆ ಕಾಯಿಲೆ ಬಂದದ್ದುಂಟಾ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಉಂಟು, ಒಂದು ಜನಾಂಗವನ್ನೇ ಅಲ್ಲಾಡಿಸುವಷ್ಟು ಬಂದಿತ್ತು. ಪಪುವಾ ನ್ಯೂಗಿನಿಯ ಬೆಟ್ಟದ ಸೀಮೆಯಲ್ಲಿ ಫೋರೆ ಎಂಬ ಜನರಿದ್ದಾರೆ. ಅವರಲ್ಲಿ ಮನೆಯವರು ಯಾರಾದರೂ ತೀರಿಕೊಂಡರೆ ದೇಹವನ್ನು ಬಂಧುಗಳೇ ತಿನ್ನುವ ಪದ್ಧತಿ ಇತ್ತು. ದ್ವೇಷಕ್ಕಲ್ಲ, ಹಸಿವಿಗೂ ಅಲ್ಲ. ಸತ್ತವರ ಮೇಲಿನ ಪ್ರೀತಿಗೆ, ಮಣ್ಣಲ್ಲಿ ಹುಳಕ್ಕೆ ಬಿಡುವುದಕ್ಕಿಂತ ಇದೇ ವಾಸಿ ಅಂತ. ನಮಗೆ ಕೇಳಿದರೆ ಮೈ ಜುಂ ಅನ್ನುತ್ತದೆ, ಅವರಿಗೆ ಅದು ತಿಥಿ ಇದ್ದ ಹಾಗೆ.

ಮಿದುಳು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳ ಪಾಲಿಗೆ ಬರುತ್ತಿತ್ತು. ಕುರು ಎಂಬ ಮಿದುಳಿನ ರೋಗ ಬಂದದ್ದೂ ಅವರಿಗೇ ಜಾಸ್ತಿ. ಮೊದಲು ನಡಿಗೆ ತಪ್ಪುತ್ತದೆ, ಕೋಲು ಬೇಕಾಗುತ್ತದೆ. ಆಮೇಲೆ ಮೈಯೆಲ್ಲ ನಡುಕ, ಮಾತು ತೊದಲುತ್ತದೆ, ಕೆಲವರು ಕಾರಣವಿಲ್ಲದೆ ನಗುತ್ತಾರೆ, ಕೊನೆಗೆ ಕೂರಲೂ ಆಗದೆ, ನುಂಗಲೂ ಆಗದೆ ಹೆಚ್ಚಿನವರು ಒಂದು ವರ್ಷದ ಆಸುಪಾಸಿನಲ್ಲೇ ಹೋಗಿಬಿಡುತ್ತಿದ್ದರು. ಔಷಧಿ ಆಗಲೂ ಇರಲಿಲ್ಲ, ಈಗಲೂ ಇಲ್ಲ. 1957ರಿಂದ 2004ರ ತನಕ 2,700ಕ್ಕೂ ಹೆಚ್ಚು ಜನರಿಗೆ ಈ ರೋಗ ಬಂದ ದಾಖಲೆ ಇದೆ.

ಈಗ ನಿಮ್ಮ ಭಾವನ ವಾದಕ್ಕೆ ಬರೋಣ. ಕುರು ತರುವುದು ಬ್ಯಾಕ್ಟೀರಿಯಾ ಅಲ್ಲ, ವೈರಸ್ಸೂ ಅಲ್ಲ. ಪ್ರಯಾನ್, ಅಂದರೆ ಆಕಾರ ಕೆಟ್ಟ ಒಂದು ಪ್ರೋಟೀನು. ಅದೇ ಪ್ರೋಟೀನು ಸರಿಯಾದ ಆಕಾರದಲ್ಲಿ ನಮ್ಮೆಲ್ಲರ ಮಿದುಳಲ್ಲೂ ಇದೆ. ಕೆಟ್ಟದ್ದು ಒಳಗೆ ಹೋದರೆ ಒಳ್ಳೆಯದನ್ನೂ ಒಂದೊಂದಾಗಿ ತನ್ನ ಹಾಗೇ ಮಾಡುತ್ತಾ ಹೋಗುತ್ತದೆ. ಅದಕ್ಕೆ ಜೀವವೇ ಇಲ್ಲ, ಮತ್ತೆ ಬೇಯಿಸಿ ಸಾಯಿಸುವುದು ಹೇಗೆ? ಒಲೆಯ ಬೆಂಕಿಗೂ ಜಗ್ಗಲ್ಲ, ಹುಳಿಗೂ ಜಗ್ಗಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ ಕತ್ತರಿ, ಚಾಕುಗಳನ್ನು ಮಾಮೂಲಿಯಾಗಿ ಸ್ಟೆರಿಲೈಸ್ ಮಾಡಿದರೂ ಇದು ಪೂರ್ತಿ ಹೋಗುವ ಗ್ಯಾರಂಟಿ ಇಲ್ಲ. ಪ್ರಯಾನ್ ಕಂಡುಹಿಡಿದದ್ದಕ್ಕೆ ಸ್ಟ್ಯಾನ್ಲಿ ಪ್ರುಸಿನರ್ ಅವರಿಗೆ 1997ರಲ್ಲಿ ನೊಬೆಲ್ ಬಂತು.

ಕಾಯಿಲೆ ಕೂಡಲೇ ಕಾಣಿಸುವುದೂ ಇಲ್ಲ. 1950ರ ದಶಕದಲ್ಲಿ ಆಸ್ಟ್ರೇಲಿಯಾದ ಆಡಳಿತ ಈ ಪದ್ಧತಿಯನ್ನು ನಿಲ್ಲಿಸಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ. ಆದರೆ ಚಿಕ್ಕಂದಿನಲ್ಲಿ ತಿಂದಿದ್ದ ಕೆಲವರಿಗೆ ನಲವತ್ತು, ಐವತ್ತು ವರ್ಷ ಕಳೆದ ಮೇಲೂ ಬಂತು. ‘ತಿಂದವರು ಚೆನ್ನಾಗೇ ಇದ್ದಾರಲ್ಲ’ ಅಂತ ವಿಡಿಯೋದಲ್ಲಿ ಹೇಳುವವರಿಗೆ ಇದನ್ನು ತೋರಿಸಿ. ಹೆಪಟೈಟಿಸ್, ಎಚ್‌ಐವಿ ಥರದ್ದು ಬೇಯಿಸಿದರೆ ಸಾಯುತ್ತದೆ. ಅಲ್ಲಿ ಅಪಾಯ ಹಸಿ ರಕ್ತ ಮುಟ್ಟಿ ಕತ್ತರಿಸುವವರಿಗೆ.

ಪ್ರಶ್ನೆ: ಹಾಗಾದರೆ ಕುರಿ ಮಿದುಳು ಫ್ರೈ ಬಿಡಬೇಕಾ? ನನಗೆ ಅದು ಪ್ರಾಣ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಬಿಡಬೇಡಿ, ಕೊಲೆಸ್ಟರಾಲ್ ಇದ್ದರೆ ಮಾತ್ರ ಕಮ್ಮಿ ಮಾಡಿ. ಕುರಿಗಳಿಗೂ ಸ್ಕ್ರೇಪಿ ಎಂಬ ಪ್ರಯಾನ್ ಕಾಯಿಲೆ ಇದೆ, ಅದು ಮನುಷ್ಯರಿಗೆ ಬಂದದ್ದು ಕಂಡಿಲ್ಲ. ದನದ ವಿಷಯ ಬೇರೆ. ಬ್ರಿಟನ್ನಿನಲ್ಲಿ ಸತ್ತ ಪ್ರಾಣಿಗಳ ಮಾಂಸ, ಮೂಳೆಯನ್ನೇ ಪುಡಿ ಮಾಡಿ ಹಸುಗಳ ಮೇವಿಗೆ ಬೆರೆಸಿದರು. ಹುಲ್ಲು ತಿನ್ನುವ ಹಸುವಿಗೆ ಹಸುವನ್ನೇ ತಿನ್ನಿಸಿದ್ದು, ಬರೀ ದುಡ್ಡು ಉಳಿಸಲು! ಹುಚ್ಚು ಹಸು ಕಾಯಿಲೆ ಹಬ್ಬಿತು, ಅದೂ ಪ್ರಯಾನ್‌ನಿಂದಲೇ. ಆ ಮಾಂಸದಿಂದ ಜನರಿಗೂ ಬರುತ್ತಿದೆ ಅಂತ 1996ರಲ್ಲಿ ಅಲ್ಲಿನ ಸರ್ಕಾರವೇ ಒಪ್ಪಿಕೊಂಡಿತು.

ಪ್ರಶ್ನೆ: ಪಂದಿ ಕರಿ ತಿಂದರೆ ಮಿದುಳಿಗೆ ಹುಳ ಹೋಗುತ್ತದಂತೆ, ಹೌದಾ?
– ಗೃಹಿಣಿ, ಸೋಮವಾರಪೇಟೆ

ಉತ್ತರ: ಸರಿಯಾಗಿ ಬೆಂದ ಪಂದಿ ಕರಿಯಿಂದ ಇಲ್ಲಮ್ಮ, ಲಾಡಿಹುಳದ ಮರಿ ಬೆಂಕಿಗೆ ಸಾಯುತ್ತದೆ. ಅರೆಬೆಂದದ್ದು ತಿಂದರೆ ಹುಳ ಕರುಳಲ್ಲಿ ಬೆಳೆಯುತ್ತದೆ. ಮಿದುಳಿಗೆ ಹೋಗಿ ಫಿಟ್ಸ್ ತರುವುದು ಆ ಹುಳದ ಮೊಟ್ಟೆಯಿಂದ. ಅದು ಹುಳ ಇರುವವರ ಮಲದಿಂದ ನೀರು, ಸೊಪ್ಪು, ತೊಳೆಯದ ಕೈ ಮೂಲಕ ಬಾಯಿಗೆ ಬರುತ್ತದೆ. ಸಸ್ಯಾಹಾರಿಗಳಿಗೂ ಬರುವುದು ಹೀಗೇ. ಹಸಿಯಾಗಿ ತಿನ್ನುವ ಮುಳ್ಳುಸೌತೆ, ಕೊತ್ತಂಬರಿಯನ್ನು ಮೂರು ನೀರಲ್ಲಿ ತೊಳೆಯಿರಿ, ಅಡುಗೆಗೆ ಮೊದಲು ಕೈಗೆ ಸೋಪು ಹಾಕಿ.